ರಾಜೀನಾಮೆಯ ಮೂರನೇ ಪುಟ

ರಾಯಭಾರಿಗೆ ನೇರವಾಗಿ ಮಾತಾಡುವ ಅಭ್ಯಾಸವಿರಲಿಲ್ಲ. ಇಪ್ಪತ್ತೊಂಬತ್ತು ವರ್ಷದ ನೌಕರಿ ಸಾಕೆನಿಸಿ, ಬೆಳಗಿನಿಂದ ಕೂತು ಇಲಾಖೆಗೆ ರಾಜೀನಾಮೆ ಬರೆದು ಹೆಂಡತಿಗೆ ತೋರಿಸಿದ.

"ಇದರಲ್ಲಿ ಕೆಲಸ ಬಿಡ್ತೀನಿ ಅಂತ ಎಲ್ಲಿದೆ ರೀ?" ಎಂದಳು ಆಕೆ.

"ಮೂರನೇ ಪುಟ ನೋಡೇ. 'ನನ್ನ ಮುಂದಿನ ಹೊಣೆಗಾರಿಕೆಯನ್ನು ತಾವು ಸೂಕ್ತವಾಗಿ ಪರಿಶೀಲಿಸಬಹುದು' ಅಂತ ಖಡಾಖಂಡಿತವಾಗಿ ಬರ್ದಿದೀನಲ್ಲ!"

"ನಿಮ್ಮ ಖಡಾಖಂಡಿತಕ್ಕೆ ಬೆಂಕಿ ಬೀಳ! ನನ್ನ ನೋಡೋಕೆ ಬಂದಾಗ ಹುಡುಗಿ ಒಪ್ಪಿಗೆ ಅಂತ ಹೇಳೋಕೂ ಮಾವನವರೇ ಬಾಯಿ ಬಿಡಬೇಕಾಯ್ತು. 'ಬಿಡ್ತೀನಿ' ಅಂತ ಒಂದು ಸಾಲು ಸೇರಿಸ್ರೀ."

"ಅಷ್ಟು ಒರಟಾಗಿ ಬರೆದ್ರೆ ಸಂಬಂಧ ಹಳಸುತ್ತೆ ಕಣೇ," ಎಂದು ಪತ್ರವನ್ನು ಹಾಗೆಯೇ ಕಳಿಸಿದ.

ಇಲಾಖೆ ಸೂಕ್ತವಾಗಿಯೇ ಪರಿಶೀಲಿಸಿತು. ಆತನ ಉತ್ಸಾಹವನ್ನು ಮೆಚ್ಚಿ, ಸೇವಾವಧಿ ವಿಸ್ತರಿಸಿ, ಪಕ್ಕದ ದೇಶದ ಕೆಲಸವನ್ನೂ ತಲೆಗೆ ಕಟ್ಟಿತು.

ಬರೆಯದ ಆ ಒಂದು ಸಾಲಿಗೆ ಹೋದದ್ದು ಮೂರು ವರ್ಷ, ನಾಲ್ಕು ತಿಂಗಳು.