ಒಂಬತ್ತನೆಯ ಕಾಲು

ಮೂರನೆಯ ಸಲ ಕಂಪ್ಯೂಟರಿನ ಗುಂಡಿ ಒತ್ತಿದಾಗಲೂ ಅಷ್ಟೇ. ಒಳಗಿನ ಫ್ಯಾನು ಅರ್ಧ ಸುತ್ತು ತಿರುಗಿದಂತೆ ಮಾಡಿ ಗಕ್ಕನೆ ನಿಂತಿತು. ಪರದೆ ಕಪ್ಪಗೇ ಇತ್ತು. ಗಡಿಯಾರದಣ್ಣ ಗುಂಡಿಯಿಂದ ಕೈ ತೆಗೆದ.

ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ಕೈ ಅದು. ನಿಂತು ಬಂದದ್ದು ಆ ಕೈಯಲ್ಲಿ ಓಡಿದ್ದುಂಟೇ ಹೊರತು, ಓಡುತ್ತಿದ್ದದ್ದು ನಿಂತದ್ದು ಅವನಿಗೆ ನೆನಪಿರಲಿಲ್ಲ. ಅದಕ್ಕೇ ಹೆಂಡತಿಯ ಕಂಪ್ಯೂಟರು ನಾಲ್ಕು ದಿನದಿಂದ ನಡುನಡುವೆ ಆರಿಹೋಗತೊಡಗಿದಾಗ ಹೊಸ ಮದರ್‌ಬೋರ್ಡು, ಹೊಸ ಪ್ರೊಸೆಸರು ತಂದು, "ಐದು ನಿಮಿಷದ ಕೆಲಸ ಕಣೇ" ಅಂದಿದ್ದ. ಅಂಗಡಿಯವರೇ ಜೋಡಿಸಲಿ ಎಂದು ಅವಳು ಹೇಳಿದ್ದಕ್ಕೆ, "ಕೂದಲಿನಷ್ಟು ಸಣ್ಣ ಸ್ಪ್ರಿಂಗ್ ಕೂರಿಸೋನಿಗೆ ಈ ತಗಡಿನ ಪೆಟ್ಟಿಗೆ ಯಾವ ಲೆಕ್ಕ?" ಎಂದು ಮೂಗು ಮುರಿದಿದ್ದ. ಆ ಐದು ನಿಮಿಷ ಶುರುವಾಗಿ ಈಗ ಮೂರು ತಾಸು ಕಳೆದಿತ್ತು.

"ಬಂತಾ ರೀ?" ಒಳಗಿನಿಂದ ಹೆಂಡತಿ ಕೇಳಿದಳು.

"ಬರುತ್ತೆ, ತಾಳು."

ಅವಳು ತಾಳಲಿಲ್ಲ, ಬಂದು ಬಾಗಿಲಲ್ಲಿ ನಿಂತಳು. ಕಣ್ಣು ಕಾಣದ ಹುಡುಗಿಯೊಬ್ಬಳು ಕಾನೂನು ಓದುತ್ತಿದ್ದಳು. ಅವಳ ಪುಸ್ತಕಗಳನ್ನು ಇವಳು ಗಟ್ಟಿಯಾಗಿ ಓದಿ, ರೆಕಾರ್ಡು ಮಾಡಿ ಕಳಿಸುತ್ತಿದ್ದಳು. ಪರೀಕ್ಷೆ ನಾಡಿದ್ದು. ಕೊನೆಯ ಪುಸ್ತಕದ ಹನ್ನೊಂದು ಅಧ್ಯಾಯ ಈ ಪೆಟ್ಟಿಗೆಯೊಳಗೇ ಇದ್ದವು. ಎಲ್ಲ ಮುಗಿಸಿ ಒಟ್ಟಿಗೆ ಕಳಿಸಿದರಾಯಿತೆಂದು ಬೇರೆಲ್ಲೂ ಪ್ರತಿ ಇಟ್ಟಿರಲಿಲ್ಲ.

"ಓದಿದ್ದೆಲ್ಲ ಹೋಯ್ತಾ?"

"ಅದಿರೋದು ಡಿಸ್ಕಲ್ಲಿ. ಡಿಸ್ಕ್ ನಾನು ಮುಟ್ಟೇ ಇಲ್ಲ."

ಹಾಗೆಂದನೇ ಹೊರತು ಅವನಿಗೇನೂ ಖಾತ್ರಿಯಿರಲಿಲ್ಲ. ಮತ್ತೆ ಎಲ್ಲ ಬಿಚ್ಚಿದ. ಮೆಮೊರಿ ತೆಗೆದು ಮತ್ತೆ ಹಾಕಿದ, ಪ್ರೊಸೆಸರಿನ ಪಕ್ಕದ ಕರೆಂಟಿನ ವೈರು ಕಿತ್ತು ಚುಚ್ಚಿದ, ಭೂತಗನ್ನಡಿ ಹಿಡಿದು ಒಂದೊಂದು ಸ್ಕ್ರೂ ನೋಡಿದ. ಮೇಜು ತೊಳೆದಿಟ್ಟಷ್ಟು ಚೊಕ್ಕಟವಾಗಿತ್ತು. ಜೋಡಿಸಿ ಮುಗಿದ ಮೇಲೆ ಮೇಜಿನ ಮೇಲೆ ಒಂದು ಚೂರು ಉಳಿದರೂ ಕೆಲಸ ಮುಗಿದಿಲ್ಲ ಎಂದೇ ಲೆಕ್ಕ. ಗುರು ಅದನ್ನು ಬೆರಳ ಗಂಟಿನ ಮೇಲೆ ಹೊಡೆದು ಹೊಡೆದು ಕಲಿಸಿದ್ದ. ಈ ನಲವತ್ತು ವರ್ಷದಲ್ಲಿ ಅವನ ಮೇಜಿನ ಮೇಲೆ ಒಂದು ಚೂರೂ ಉಳಿದಿರಲಿಲ್ಲ.

ಆದರೂ ಪೆಟ್ಟಿಗೆ ಜಪ್ಪಯ್ಯ ಅನ್ನಲಿಲ್ಲ.

ಗೋಡೆಯ ಗಡಿಯಾರ ಎರಡು ಹೊಡೆಯಿತು. ಅದು ಹೆಂಡತಿಯ ತವರಿನದು. ಮದುವೆಯಾದ ವರ್ಷ ಅವನೇ ರಿಪೇರಿ ಮಾಡಿ ತೂಗುಹಾಕಿದ್ದ. ಅಂದಿನಿಂದ ಅದಕ್ಕೊಂದು ರೋಗ. ಎರಡು ಮುಳ್ಳು ಒಂದರ ಮೇಲೊಂದು ಬರುವಲ್ಲಿ ದಿನಕ್ಕೊಮ್ಮೆಯಾದರೂ ನಿಂತುಬಿಡುತ್ತಿತ್ತು. ಅವಳು ಬಂದು ಬೆರಳಿನಿಂದ ತಟ್ಟಿದರೆ ಮುಂದೆ ಹೋಗುತ್ತಿತ್ತು. "ನಿಮ್ಮ ಮನೆಯವರಿಗೆ ಎದುರು ಸಿಕ್ಕವರ ಹತ್ರ ನಿಂತು ಹರಟೋ ಚಟ. ಗಡಿಯಾರಾನೂ ಹಾಗೇ" ಎಂದು ಮೂವತ್ತು ವರ್ಷದಿಂದ ಅವಳನ್ನು ಆಡಿಕೊಂಡಿದ್ದ.

ಕೊನೆಗೆ ಬೋರ್ಡು ಮಾರಿದ ಅಂಗಡಿಯವಳಿಗೆ ಫೋನು ಹಚ್ಚಿ ಎಗರಾಡಿದ. "ಸತ್ತ ಬೋರ್ಡ್ ಕೊಟ್ಟು ಕಳಿಸಿದ್ದೀಯಲ್ಲಮ್ಮ!"

"ಬಯ್ಯೋದು ಆಮೇಲೆ ಬಯ್ಯಿರಿ ಯಜಮಾನ್ರೇ," ಅಂದಳು ಆಕೆ. "ಮೊದಲು ಬೋರ್ಡ್‌ನ ಪೆಟ್ಟಿಗೆಯಿಂದ ಹೊರಗೆ ತೆಗೀರಿ. ಅದು ಬಂದ ರಟ್ಟಿನ ಡಬ್ಬ ಇದೆಯಲ್ಲ, ಅದರ ಮೇಲಿಟ್ಟು ವೈರೆಲ್ಲ ಕೊಟ್ಟು ನೋಡಿ."

ಫೋನನ್ನು ಹೆಂಡತಿಯ ಕೈಗೆ ಕೊಟ್ಟು ಹಾಗೇ ಮಾಡಿದ. ಗುಂಡಿಯ ಬದಲಿಗೆ, ಆಕೆ ಹೇಳಿದ ಎರಡು ಸಣ್ಣ ಕಡ್ಡಿಗಳಿಗೆ ಸ್ಕ್ರೂಡ್ರೈವರ್ ತುದಿ ತಾಗಿಸಿದ್ದೇ ತಡ, ಫ್ಯಾನು ಬುರ್ರೆಂದು ಸುತ್ತಿ, ಪರದೆ ಬೆಳಗಿತು. ಹೆಂಡತಿ ಎದೆಯ ಮೇಲೆ ಕೈಯಿಟ್ಟುಕೊಂಡು ಕುರ್ಚಿಯಲ್ಲಿ ಕುಸಿದಳು. ಅವನಿಗೆ ಮಾತ್ರ ಇನ್ನಷ್ಟು ದಿಗಿಲಾಯಿತು. ರಟ್ಟಿನ ಮೇಲೆ ಓಡುವುದು ತಾನು ಕೂರಿಸಿದ ಜಾಗದಲ್ಲಿ ಯಾಕೆ ಓಡಲೊಲ್ಲದು?

"ಬೋರ್ಡಲ್ಲಿ ಸ್ಕ್ರೂ ತೂತು ಎಷ್ಟಿದೆ?" ಫೋನಿನಲ್ಲಿ ಅಂಗಡಿಯವಳು ಕೇಳಿದಳು.

"ಎಂಟು."

"ಅದು ತಗಡಿಗೆ ತಾಗದ ಹಾಗೆ ಕೆಳಗೆ ಹಿತ್ತಾಳೆ ಕಾಲು ಎಷ್ಟು ಹಾಕಿದ್ದೀರಿ?"

"ಪೊಟ್ಟಣದಲ್ಲಿ ಒಂಬತ್ತಿತ್ತು. ಒಂಬತ್ತೂ ಹಾಕಿದೆ."

"ಕಳೆದುಹೋದರೆ ಇರಲಿ ಅಂತ ಒಂದು ಹೆಚ್ಚಿಗೆ ಇಟ್ಟಿರ್ತಾರೆ, ಯಜಮಾನ್ರೇ. ನೀವು ಅದನ್ನೂ ಹಾಕಿದ್ರೆ ತೂತಿಲ್ಲದ ಕಡೆ ಬೋರ್ಡಿನ ಬೆನ್ನಿಗೆ ಒತ್ತಿ ಶಾರ್ಟ್ ಆಗ್ತದೆ. ಪುಣ್ಯ, ಸುಟ್ಟಿಲ್ಲ."

ಗಡಿಯಾರದಣ್ಣ ಬೆಪ್ಪಾಗಿ ನಿಂತ. ಅವನಿಗೆ ಚೆನ್ನಾಗಿ ನೆನಪಿತ್ತು. ಎಂಟು ಕಾಲು ಬಿಗಿದ ಮೇಲೆ ಒಂದು ಉಳಿದಿತ್ತು. ಉಳಿಯಬಾರದಲ್ಲ ಎಂದು ತಗಡಿನಲ್ಲಿ ಇನ್ನೊಂದು ತೂತು ಹುಡುಕಿ, ಅದನ್ನೂ ಬಿಗಿಯಾಗಿ ತಿರುಪಿದ್ದ. ತಿರುಪಿದ ಮೇಲೆ ಮೇಜನ್ನು ಒರೆಸಿ ಸಮಾಧಾನಪಟ್ಟಿದ್ದ.

"ನಾನೇ ಹಾಕಿದ್ದು," ಅಂದ ಹೆಂಡತಿಗೆ. "ಅವಳನ್ನ ಸುಮ್ಮನೆ ಬೈದೆ."

ಅವಳಿಗೆ ಸಿಟ್ಟು ಬರಲಿಲ್ಲ. ನಿಜವಾಗಿಯೂ ಗೊತ್ತಾಗದೆ ಕೇಳಿದಳು: "ಒಂದು ಉಳಿದಿದ್ರೆ ಏನಾಗ್ತಿತ್ತು ರೀ?"

ಗುರುವನ್ನು ಅವನು ಯಾವತ್ತೂ ಅದನ್ನು ಕೇಳಿರಲಿಲ್ಲ.

ಒಂಬತ್ತನೆಯ ಕಾಲನ್ನು ಬಿಚ್ಚಿ ಮೇಜಿನ ಮೇಲಿಟ್ಟು ಉಳಿದದ್ದನ್ನೆಲ್ಲ ಜೋಡಿಸಿಕೊಟ್ಟ. ಹನ್ನೊಂದೂ ಅಧ್ಯಾಯ ಇದ್ದವು. ಅವಳು ಪೆಟ್ಟಿಗೆಯನ್ನು ಒಳಗಿನ ಕೋಣೆಗೆ ಒಯ್ಯಿಸಿಕೊಂಡು, ಬಾಗಿಲು ಹಾಕಿ ಹನ್ನೆರಡನೆಯದನ್ನು ಓದಲು ಕುಳಿತಳು. ಇವನು ಕುರ್ಚಿಯಲ್ಲಿ ಕುಳಿತು ಆ ಹಿತ್ತಾಳೆಯ ತುಂಡನ್ನು ನೋಡುತ್ತಿದ್ದ. ಹಾಗೇ ಕಣ್ಣು ಗೋಡೆಗೆ ಹೋಯಿತು.

ಸ್ಟೂಲು ಹತ್ತಿ ಗಡಿಯಾರ ಇಳಿಸಿದ. ವರ್ಷಕ್ಕೊಮ್ಮೆ ಬಿಚ್ಚಿ, ಎಣ್ಣೆ ಹಾಕಿ, ಇದ್ದದ್ದನ್ನೆಲ್ಲ ಇದ್ದಲ್ಲೇ ಹಾಕುತ್ತಿದ್ದ ಗಡಿಯಾರ. ಇವತ್ತು ಮಾತ್ರ ಏನು ಇರಬಾರದು ಎಂದು ಹುಡುಕಿದ. ಗಂಟೆ ಮುಳ್ಳಿನ ಕೆಳಗೆ ಒಂದಿರಬೇಕಾದಲ್ಲಿ ಎರಡು ವಾಷರು. ಉಗುರಿನಷ್ಟೂ ದಪ್ಪವಿಲ್ಲದ ಆ ಎರಡನೆಯದು ಗಂಟೆ ಮುಳ್ಳನ್ನು ಎತ್ತಿ ನಿಮಿಷದ ಮುಳ್ಳಿಗೆ ತಾಗಿಸುತ್ತಿತ್ತು. ಇದನ್ನು ರಿಪೇರಿ ಮಾಡಿದ ದಿನ ಮೇಜಿನ ಮೇಲೆ ಇನ್ನೊಂದು ಗಡಿಯಾರವೂ ಇತ್ತು; ಅದರಿಂದ ಉಳಿದ ವಾಷರು ಇದರೊಳಗೆ ಸೇರಿತ್ತು. ಅದು ಯಾರದ್ದು ಎಂದು ಎಷ್ಟು ತಲೆ ಕೆರೆದುಕೊಂಡರೂ ಅವನಿಗೆ ನೆನಪಾಗಲಿಲ್ಲ.

ಎರಡನೆಯ ವಾಷರು ತೆಗೆದಿಟ್ಟು, ಗಡಿಯಾರವನ್ನು ಮತ್ತೆ ತೂಗುಹಾಕಿ, ತನ್ನ ಕೈಗಡಿಯಾರ ನೋಡಿ ಮುಳ್ಳು ಹೊಂದಿಸಿದ.

ನಾಲ್ಕು ಇಪ್ಪತ್ತರ ಸುಮಾರಿಗೆ ಒಳಗೆ ಓದು ನಿಂತಿತು. ಅವಳು ನೀರು ಕುಡಿಯಲು ಹೊರಗೆ ಬಂದಳು. ಹೋಗುತ್ತ ಹೋಗುತ್ತ, ಎಂದಿನಂತೆ ತಟ್ಟಲೆಂದು ಗಡಿಯಾರದ ಕಡೆ ಬೆರಳೆತ್ತಿದಳು. ಎರಡು ಮುಳ್ಳು ಒಂದಾದವು. ನೋಡನೋಡುತ್ತಿದ್ದಂತೆ ದೊಡ್ಡದು ಚಿಕ್ಕದನ್ನು ದಾಟಿ ಮುಂದೆ ಹೋಯಿತು.

ಅವಳ ಬೆರಳು ಎತ್ತಿದ ಹಾಗೇ ಇತ್ತು. ಮೇಜಿನ ಮೇಲೆ ಹಿತ್ತಾಳೆಯ ಕಾಲು, ಅದರ ಪಕ್ಕದಲ್ಲಿ ವಾಷರು.