ಗಂಟಿನಲ್ಲಿ ಸೇರಿದ ನಕ್ಷೆ

ಆ ಬೆಳಿಗ್ಗೆ ದ್ವೀಪದ ಪುಟ್ಟ ಊರು ಲೆವುಕಾದಲ್ಲಿ ಗಾಳಿಯೇ ಇರಲಿಲ್ಲ. ಬೆಟ್ಟದ ನೆತ್ತಿಯ ಮೋಡ ಇಳಿಯದೆ, ಏರದೆ, ಏನನ್ನೋ ಕಾಯುವಂತೆ ಕೂತಿತ್ತು. ಇಸೋವಾ ಪ್ರಾರ್ಥನೆ ಮುಗಿಸಿ ಬಂದು ಕಂಪ್ಯೂಟರ್ ತೆರೆದ. ಕಡಲಿನ ಉಬ್ಬರ ಇಳಿತ ಹೇಳುವ ತಮ್ಮ ಸಾಫ್ಟ್‌ವೇರನ್ನು ಅವನು ಮಧ್ಯಾಹ್ನ ಲೋಕಕ್ಕೆ ಬಿಡಬೇಕಿತ್ತು. ಒಮ್ಮೆ ಬಿಟ್ಟರೆ ಬಾಯಿಂದ ಜಾರಿದ ಮಾತಿನ ಹಾಗೆ. ಯಾರು ಬೇಕಾದರೂ ಎತ್ತಿಕೊಳ್ಳಬಹುದು.

ಅದಕ್ಕೇ ಹೊರಗೆ ಹೋಗುವ ಫೈಲುಗಳ ಗಂಟನ್ನು ಮೊದಲು ಕಟ್ಟಿ, ಬಿಚ್ಚಿ ನೋಡುವುದು ಅವನ ಪದ್ಧತಿ. ಇಂದು ಗಂಟು ಯಾಕೋ ಭಾರವಾಗಿತ್ತು. ಬಿಚ್ಚಿದರೆ ಒಳಗೆ ಕುಲದ ಹಿರಿಯ ನೌಲಿವೌ ಅಜ್ಜನ ನಕ್ಷೆ! ಅದರಲ್ಲಿದ್ದದ್ದು ಕುಲದವರಿಗಷ್ಟೇ ತಿಳಿದ ಮೀನಿನ ನೆಲೆಗಳು. ಸಾಫ್ಟ್‌ವೇರಿನ ಪರೀಕ್ಷೆಗೆಂದು ಪೆನ್‌ಡ್ರೈವಿನಲ್ಲಿ ಕೊಡುವಾಗ ಅಜ್ಜ ಹೇಳಿದ್ದರು: "ಇದು ಹೊರಗೆ ಹೋದ್ರೆ ದೊಡ್ಡ ಹಡಗಿನೋರು ಬಂದು ಮೊಮ್ಮಕ್ಕಳ ಊಟಾನೇ ಬಳಕೊಂಡು ಹೋಗ್ತಾರೆ, ಮಗಾ."

ಹಿಂದಿನ ದಿನ ಗಂಟಿನ ಕೆಲಸ ಮಾಡಿದವನು ವಿಲಿಕೇಸಾ, ಇಸೋವಾನ ಸೋದರತ್ತೆಯ ಮಗ. ಅವನ ಅಣ್ಣ ಸುವಾ ಬಂದರಿನ ದೊಡ್ಡ ಮೀನು ಹಡಗೊಂದರಲ್ಲಿ ಕೆಲಸಕ್ಕಿದ್ದ. ಅಂದು ಸಂಜೆ ಜಗಲಿಯಲ್ಲಿ ವಿಲಿಕೇಸಾನ ಪಿಸುದನಿಯ ಫೋನು ಬೇರೆ. ಇಸೋವಾನ ಎದೆಯಲ್ಲಿ ಅನುಮಾನದ ಏಡಿಯೊಂದು ಅಡ್ಡಡ್ಡ ಹರಿದಾಡಿತು.

"ಏನ್ ಭಾವ, ಮುಖ ಬೇಯದ ಕೆಸುವಿನ ಗಡ್ಡೆ ಥರ ಇದೆ?" ಎನ್ನುತ್ತ ವಿಲಿಕೇಸಾ ಒಳಬಂದ.

"ನಿನ್ನೆ ಯಾರ ಜೊತೆ ಗುಸುಗುಸು?"

"ಅಣ್ಣನ ಜೊತೆ. ಅಮ್ಮನ ಹುಟ್ಟುಹಬ್ಬಕ್ಕೆ ಹಂದಿ ತರಿಸ್ತಿದೀವಿ. ಅವಳಿಗೆ ಕೇಳಿಸಬಾರ್ದಲ್ಲ."

"ಹಂದಿ ತರಿಸ್ತಿದ್ದೆಯೋ, ನಕ್ಷೆ ಕಳಿಸ್ತಿದ್ದೆಯೋ?" ಇಸೋವಾ ಪರದೆಯನ್ನು ಅವನತ್ತ ತಿರುಗಿಸಿದ.

ವಿಲಿಕೇಸಾನ ನಗು ಆರಿತು. "ನಾನು ಸೇರಿಸಿಲ್ಲ. ಪರೀಕ್ಷೆಯ ಫೋಟೋ ಹೋಗ್ಬಾರ್ದು ಅಂತ ಗಂಟಿಗೆ ಸೇರಬಾರದ ಫೈಲುಗಳದ್ದು ಹೊಸದಾಗಿ ಒಂದು 'ಬಿಡು' ಪಟ್ಟಿ ಬರೆದೆ, ಅಷ್ಟೇ."

ಇಸೋವಾ ನಂಬಲಿಲ್ಲ. ಆ ಪಟ್ಟಿಯನ್ನು ತೆಗೆದು ಗಂಟು ಕಟ್ಟಿದ: ನಕ್ಷೆ ಮಾಯ, ಫೋಟೋಗಳು ಹಾಜರು. ಮತ್ತೆ ಇಟ್ಟು ಕಟ್ಟಿದ: ಫೋಟೋಗಳಿಲ್ಲ, ನಕ್ಷೆ ಬಂತು. ಹೊಸ ಪಟ್ಟಿ ಕಂಡೊಡನೆ ಯಂತ್ರ ಮೊದಲೇ ಇದ್ದ ಹಳೆಯ 'ಬಿಡು' ಪಟ್ಟಿಯನ್ನು ಓದುವುದನ್ನೇ ನಿಲ್ಲಿಸಿತ್ತು. ನಕ್ಷೆಯನ್ನು ತಡೆದಿದ್ದ ಸಾಲು ಇದ್ದದ್ದು ಆ ಹಳೆಯದರಲ್ಲಿ.

ಇಸೋವಾ ತಲೆ ತಗ್ಗಿಸಿದ.

"ಬೇಡದ್ದನ್ನ ಎಷ್ಟೂಂತ ಹೇಳ್ತೀಯ ಭಾವ?" ವಿಲಿಕೇಸಾನೇ ಮೆಲ್ಲಗೆ ಹೇಳಿದ. "ಗಂಟಿಗೆ ಬೇಕಾದ್ದನ್ನಷ್ಟೇ ಹೇಳೋಣ."

ಹಾಗೇ ಮಾಡಿದರು. ನಕ್ಷೆಯನ್ನು ಯಂತ್ರದಿಂದಲೇ ಅಳಿಸಿ, ಮಧ್ಯಾಹ್ನ ಗಂಟನ್ನು ಲೋಕಕ್ಕೆ ಬಿಟ್ಟರು.

ಸಂಜೆ ಅಜ್ಜನ ಬಾಗಿಲಲ್ಲಿ ಇಸೋವಾ ನಕ್ಷೆಯಿದ್ದ ಪೆನ್‌ಡ್ರೈವನ್ನು ವಿಲಿಕೇಸಾನ ಅಂಗೈಯಲ್ಲಿಟ್ಟು, "ನೀನೇ ಕೊಡು" ಎಂದ. ವಿಲಿಕೇಸಾ ಒಳಗೆ ಹೋಗಿ ಚಾಪೆಯ ಮೇಲೆ ಕೂತು, ಹಿರಿಯರಿಗೆ ಗೌರವದಿಂದ ಒಪ್ಪಿಸುವ ಕಾವಾ ಬೇರಿನ ಕಟ್ಟಿನೊಂದಿಗೆ ಅದನ್ನು ಎರಡೂ ಕೈಗಳಿಂದ ಅಜ್ಜನ ಮುಂದಿಟ್ಟ.