ಸೆಕ್ರೆಟರಿಯ ಮಗನಿಗೆ ಎನ್‌ಒಸಿ

ನಮ್ಮ ಕಟ್ಟಡದಲ್ಲಿ ಒಂದು ಕಿಟಕಿಗೆ ಗ್ರಿಲ್ ಹಾಕಿಸಬೇಕಿದ್ದರೂ ನನ್ನ ಸಹಿ ಬೇಕು. ಮನೆ ಮಾರುವುದಿರಲಿ, ಬಾಡಿಗೆಗೆ ಕೊಡುವುದಿರಲಿ, ಬ್ಯಾಂಕಿನಲ್ಲಿ ಸಾಲ ಎತ್ತುವುದಿರಲಿ, ಮೊದಲು ಸೊಸೈಟಿಯ ಎನ್‌ಒಸಿ ಆಗಬೇಕು. ಅಂದರೆ, ಈ ವಿಷಯದಲ್ಲಿ ನಮ್ಮದೇನೂ ತಕರಾರಿಲ್ಲ ಎಂದು ಬರೆದು ಮೊಹರು ಒತ್ತಿದ ಒಂದು ಹಾಳೆ. ಮುಂಬಯಿ ಹತ್ತಿರದ ಈ ಡೊಂಬಿವಲಿಯ ಜನ ಲೋಕಲ್ ಟ್ರೇನಿನ ಬಾಗಿಲಲ್ಲಿ ಜೋತಾಡುವುದಕ್ಕೆ ಹೆದರುವುದಿಲ್ಲ, ಆದರೆ ಸೊಸೈಟಿ ಸೆಕ್ರೆಟರಿಗೆ ಹೆದರುತ್ತಾರೆ. ಆ ಸೆಕ್ರೆಟರಿ ನಾನು, ಶ್ರೀಮತಿ ಪ್ರೇಮನಾಥ.

ನನಗಿಂತ ಮೊದಲು ಆ ಕುರ್ಚಿಯಲ್ಲಿದ್ದ ಮಹಾನುಭಾವರು ಯಾರಿಗೂ ಇಲ್ಲ ಎನ್ನುತ್ತಿರಲಿಲ್ಲ. ನೋಡೋಣ, ಕಮಿಟಿಯಲ್ಲಿ ಇಡೋಣ, ಹಬ್ಬ ಮುಗಿಯಲಿ ಎಂದು ನಗುನಗುತ್ತಲೇ ಜನರನ್ನು ಅಲೆಸುತ್ತಿದ್ದರು. ಅಲೆದವರು ಬಾಗಿ ನಿಂತು ನಮಸ್ಕಾರ ಹಾಕಲಿ ಎನ್ನುವುದೇ ಅವರ ಆಸೆಯಾಗಿತ್ತು, ಬೇರೇನಲ್ಲ. ಅದನ್ನು ಕಂಡು ಕಂಡು ಮೈ ಉರಿದೇ ನಾನು ಚುನಾವಣೆಗೆ ನಿಂತೆ. ತಕರಾರಿದ್ದರೆ ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ದರೆ ಸಹಿ ಹಾಕಬೇಕು. ಇವೆರಡರ ನಡುವೆ ಕೂತು ಮೀಸೆ ತಿರುವುವವರನ್ನು ಕಂಡರೆ ನನಗಾಗುವುದಿಲ್ಲ.

ಇಂಥ ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗ ಲತೀಶ ತನ್ನ ಹೆಂಡತಿಯ ಎನ್‌ಒಸಿಯನ್ನು ಒಂದು ಇಡೀ ಬೇಸಿಗೆ ಅಡಿಯಲ್ಲಿ ಹಾಕಿಕೊಂಡು ಕೂತ.

ಅವನು ಗಲ್ಫ್‌ನಲ್ಲಿ ಒಂದು ಕೇಟರಿಂಗ್ ಕಂಪನಿಯ ಲೆಕ್ಕಪತ್ರ ನೋಡುತ್ತಾನೆ. ಸೊಸೆ ಸೋನಾಲಿ ಇಲ್ಲಿಯೇ ಹುಟ್ಟಿ ಬೆಳೆದವಳು. ಮದುವೆಗೆ ಮೊದಲು ಠಾಣೆಯ ಒಂದು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಟೆಕ್ನಿಷಿಯನ್ ಆಗಿದ್ದಳು. ವಾರಕ್ಕೆ ಮೂರು ಸಲ ಬಂದು ಸೂಜಿ ಚುಚ್ಚಿಸಿಕೊಳ್ಳುವ ರೋಗಿಗಳು ಬೇರೆಯವರು ಹತ್ತಿರ ಬಂದರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರಂತೆ, ಸೋನಾಲಿಯೇ ಬರಲಿ ಎನ್ನುತ್ತಿದ್ದರಂತೆ. ಇದನ್ನು ನನಗೆ ಹೇಳಿದವಳು ಅವಳಲ್ಲ. ಮದುವೆಯ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ಒಬ್ಬ ಮುದುಕಿ, ಅವಳ ರೋಗಿ, ಹೇಳಿದ್ದು. ಪಾಯಸ ಮುಟ್ಟುವ ಹಾಗಿಲ್ಲದಿದ್ದರೂ ಆಕೆ ಹರಸಲಿಕ್ಕೆ ಬಂದಿದ್ದಳು.

ಮದುವೆಯಾದ ಮೇಲೆ ಸೋನಾಲಿ ಗಂಡನ ವೀಸಾದ ಬೆನ್ನಿಗೆ ಹೋದಳು. ಆ ದೇಶದಲ್ಲಿ ಅವಳ ಸ್ಪಾನ್ಸರ್, ಅಂದರೆ ವೀಸಾದ ಹೊಣೆಗಾರ, ಗಂಡನೇ. ಹೋದ ಮೇಲೆ ಸುಮ್ಮನೆ ಕೂರದೆ ಅಲ್ಲಿನ ಪರೀಕ್ಷೆ ಬರೆದು ಪಾಸಾದಳು. ಒಂದು ಕ್ಲಿನಿಕ್‌ನವರು ಇಂಟರ್‌ವ್ಯೂ ಮಾಡಿ ಒಪ್ಪಿದರು. ಕೆಲಸದ ಪರ್ಮಿಟ್ಟಿನ ಓಡಾಟವೆಲ್ಲ ನಮ್ಮದು, ಗಂಡನಿಂದ ಒಂದು ಎನ್‌ಒಸಿ ಮಾತ್ರ ತನ್ನಿ ಎಂದರು. ನನ್ನ ಹೆಂಡತಿ ಕೆಲಸ ಮಾಡುವುದಕ್ಕೆ ನನ್ನ ತಕರಾರಿಲ್ಲ, ಅಷ್ಟೇ. ಎರಡು ಸಾಲು, ಕೆಳಗೊಂದು ಸಹಿ.

ಓದಿದ್ದು ಅವಳು, ಪಾಸಾದದ್ದು ಅವಳು, ನಿಂತು ದುಡಿಯುವವಳೂ ಅವಳೇ. ಹಾಗಿರುವಾಗ ಇವನ ತಕರಾರನ್ನು ಯಾರಾದರೂ ಯಾಕೆ ಕೇಳಬೇಕು ಎಂದು ನನಗೆ ಮೊದಲೇ ರೇಗಿತ್ತು. ಆದರೆ ಆ ದೇಶದ ನಿಯಮವನ್ನು ನಾನು ಇಲ್ಲಿ ಡೊಂಬಿವಲಿಯಲ್ಲಿ ಕೂತು ತಿದ್ದಲಾರೆ. ನನ್ನ ಮಗ ಸಹಿ ಹಾಕದೆ ಇರುತ್ತಾನೆ ಎಂದು ಮಾತ್ರ ಕನಸಿನಲ್ಲೂ ಎಣಿಸಿರಲಿಲ್ಲ.

ಅವನು ಇಲ್ಲ ಎನ್ನಲಿಲ್ಲ. ಇಲ್ಲ ಎಂದಿದ್ದರೆ ಜಗಳವಾಡಬಹುದಿತ್ತು. ಅವಳು ಕೇಳಿದಾಗಲೆಲ್ಲ, “ನೋಡುವ, ಎಂತ ಅರ್ಜೆಂಟ್?” ಎನ್ನುತ್ತಿದ್ದ. ನಾನು ಫೋನಿನಲ್ಲಿ ವಿಚಾರಿಸಿದರೆ ಒಂದು ದಿನ ಅಲ್ಲಿ ಬಿಸಿಲು ಜಾಸ್ತಿ ಎಂದ. ಕ್ಲಿನಿಕ್‌ನ ಬಸ್ಸು ಮನೆ ಬಾಗಿಲಿಗೇ ಬರುತ್ತದಲ್ಲ ಎಂದರೆ ಶಿಫ್ಟ್ ಸರಿಯಿಲ್ಲ ಎಂದ. ಶಿಫ್ಟ್ ಹಗಲಿನದೇ ಎಂದು ಗೊತ್ತಾದಾಗ, ಹೆಂಡತಿಯನ್ನು ದುಡಿಯಲಿಕ್ಕೆ ಕಳಿಸಿದ ಎಂದು ಜನ ಆಡಿಕೊಳ್ಳುತ್ತಾರೆ ಎಂದ. ಯಾವ ಜನ ಎಂದೆ. ಅವನ ಬಳಿ ಒಂದು ಹೆಸರೂ ಇರಲಿಲ್ಲ.

ನನ್ನ ತಲೆ ಕೆಟ್ಟುಹೋಯಿತು. ಇವನ ಅಪ್ಪ ಮ್ಯಾನೇಜರ್ ಆಗಿದ್ದ ಹೋಟೆಲು ಬಾಗಿಲು ಹಾಕಿದಾಗ ಈ ಮನೆಯ ಒಲೆ ಉರಿದದ್ದು ನನ್ನ ಸಂಬಳದಿಂದ. ಕಲ್ಯಾಣದ ಒಂದು ಶಾಲೆಯ ಆಫೀಸಿನಲ್ಲಿ ಕ್ಲಾರ್ಕ್ ಆಗಿದ್ದೆ. ಸಂಜೆ ಟ್ರೇನಿನಲ್ಲಿ ನಿಂತುಕೊಂಡೇ ಬೀನ್ಸ್ ಮುರಿದು ಡಬ್ಬಿಗೆ ತುಂಬಿಕೊಂಡು ಬರುತ್ತಿದ್ದೆ. ಆ ಬೀನ್ಸ್ ತಿಂದು ಬೆಳೆದವನು ಇವನು. ಅದೂ ಅಲ್ಲದೆ ನಾವು ತುಳುನಾಡಿನವರು. ನಮ್ಮಲ್ಲಿ ಬಳಿ, ಅಂದರೆ ಗೋತ್ರದಂಥ ಕುಲದ ಹೆಸರು, ನಡೆಯುವುದು ತಾಯಿಯಿಂದ. ನಮ್ಮ ಅಜ್ಜಿಯಂದಿರು ಗದ್ದೆಗೆ ಇಳಿಯುವ ಮುಂಚೆ ಯಾವ ಗಂಡಸಿನ ತಕರಾರನ್ನೂ ಕೇಳಿದವರಲ್ಲ. ಇಷ್ಟು ಓದಿಸಿ, ವಿಮಾನ ಹತ್ತಿಸಿದ ಮೇಲೆ ಇವನಿಗೆ ಈ ಬುದ್ಧಿ ಎಲ್ಲಿಂದ ಬಂತು?

ಎಲ್ಲಿಂದಲೂ ಬರಲಿಲ್ಲ, ಹೇಳಿಬಿಡುತ್ತೇನೆ. ಕೆಲಸದಿಂದ ಬಂದ ಕೂಡಲೇ ಬಿಸಿ ಊಟ ಎದುರಿಗೆ ಬರುವುದು ಅವನಿಗೆ ರುಚಿಸಿತ್ತು. ಒಬ್ಬಳು ಏನನ್ನೋ ಕೇಳಿ ಕಾಯುತ್ತಿದ್ದಾಳೆ ಎನ್ನುವುದು ಅದಕ್ಕಿಂತ ಹೆಚ್ಚು ರುಚಿಸಿತ್ತು. ನಮ್ಮ ಹಳೆಯ ಸೆಕ್ರೆಟರಿಯ ಕುರ್ಚಿ ಇವನಿಗೆ ಅಲ್ಲಿ ಸಿಕ್ಕಿತ್ತು.

ನಮ್ಮ ಯಜಮಾನರ ಹತ್ತಿರ ಹೇಳಿಕೊಂಡರೆ ಅವರವರ ಸಂಸಾರ, ನಾವು ನಡುವೆ ಬರಬಾರದು ಎಂದು ಪೇಪರಿನ ಹಿಂದೆ ಮರೆಯಾದರು. ಸೋನಾಲಿಯಂತೂ ದೂರು ಹೇಳುವವಳೇ ಅಲ್ಲ. ಫೋನು ಮಾಡಿದರೆ ನನ್ನ ಮೊಣಕಾಲಿನ ನೋವು ಕೇಳುತ್ತಿದ್ದಳು, ಔಷಧಿ ತಪ್ಪಿಸಬೇಡಿ ಎನ್ನುತ್ತಿದ್ದಳು. ಒಂದೇ ಒಂದು ಸಲ, ಮಾತು ಮುಗಿದು ಫೋನು ಇಡುವ ಹೊತ್ತಿಗೆ, “ಅತ್ತೆ, ನನ್ನ ಕೈಗೆ ಕೆಲಸ ಮರೀತಾ ಉಂಟು,” ಎಂದಳು. ಆ ಮಾತು ಕೇಳಿದ ಮೇಲೆ ನನಗೆ ಅನ್ನ ಇಳಿಯಲಿಲ್ಲ. ಲತೀಶನಿಗೆ ಫೋನು ಮಾಡಿ ಬಾಯಿಗೆ ಬಂದ ಹಾಗೆ ಬೈದೆ. ನಾವು ಮನೆಯಲ್ಲಿ ತುಳು ಆಡುವವರು, ಸಿಟ್ಟು ಬಂದರೆ ಮಾತ್ರ ನನಗೆ ಕನ್ನಡ ಬರುತ್ತದೆ. ಅವನು ಎಲ್ಲ ಕೇಳಿಸಿಕೊಂಡು, ನೋಡುವ ಅಮ್ಮ ಎಂದ.

ಇನ್ನು ಮೇಲಿನ ಮನೆಯೊಂದರ ಕತೆ, ಸೋನಾಲಿ ಗಲ್ಫ್‌ಗೆ ಹೋಗುವ ಮೊದಲಿನದು. ನಮ್ಮ ಕಟ್ಟಡದ ಮೂರನೇ ಮಹಡಿಯ ದಂಪತಿ ದೊಡ್ಡ ಮನೆಯ ಆಸೆಗೆ ಟಿಟ್ವಾಳಾಕ್ಕೆ ಹೊರಟಾಗ ಅವರ ಮನೆಯನ್ನು ಲತೀಶ ಕೊಂಡ. ಹೆಂಗಸಿನ ಹೆಸರಿನಲ್ಲಿ ಮಾತ್ರ ರಿಜಿಸ್ಟರ್ ಮಾಡಿಸಿದರೆ ಸ್ಟ್ಯಾಂಪ್ ಡ್ಯೂಟಿಯಲ್ಲಿ ಸರ್ಕಾರ ಶೇಕಡಾ ಒಂದು ಬಿಡುತ್ತದೆ, ಗಂಡನ ಹೆಸರು ಜೊತೆಗೆ ಸೇರಿಸಿದರೆ ಅದು ಸಿಗುವುದಿಲ್ಲ ಎಂದು ಏಜೆಂಟ್ ಹೇಳಿದ. ಲೆಕ್ಕದ ಮನುಷ್ಯನಲ್ಲವೆ, ಒಂದು ನಿಮಿಷವೂ ಯೋಚಿಸದೆ ಪೂರ್ತಿ ಸೋನಾಲಿಯ ಹೆಸರಿಗೆ ಮಾಡಿಸಿದ. ರಿಜಿಸ್ಟ್ರಾರ್ ಕಚೇರಿಯಲ್ಲಿ ಅವಳನ್ನು ಕೂರಿಸಿ ಫೋಟೋ ತೆಗೆಸಿ, ಹೆಬ್ಬೆಟ್ಟು ಒತ್ತಿಸಿ, ಬರುವ ದಾರಿಯಲ್ಲಿ ಎಲ್ಲರಿಗೂ ವಡಾಪಾವ್ ಕೊಡಿಸಿದ. ಕಾಗದದಲ್ಲಿ ಅವಳದು, ನಿಜದಲ್ಲಿ ನಮ್ಮದು ಎಂದು ನಕ್ಕಿದ್ದ. ಸೊಸೈಟಿಯ ಶೇರ್ ಸರ್ಟಿಫಿಕೇಟಿನಲ್ಲಿ ಮಾಲಕಿ ಎಂದು ಅವಳ ಹೆಸರು ಬರೆದದ್ದು ನಾನೇ, ನನ್ನ ಕೈಯಾರೆ.

ಮಳೆಗಾಲ ಶುರುವಾದಾಗ ಅವನು ರಜೆಯಲ್ಲಿ ಬಂದ. ಒಬ್ಬನೇ ಬಂದ. ಸೋನಾಲಿ ಎಲ್ಲಿ ಎಂದರೆ, ಮನೆ ಬಾಡಿಗೆಗೆ ಕೊಡುವ ಕೆಲಸಕ್ಕೆ ಇಬ್ಬರು ಯಾಕೆ ಎಂದ. ಬಾಡಿಗೆದಾರರನ್ನು ಗೊತ್ತು ಮಾಡಿಕೊಂಡೇ ಬಂದಿದ್ದ. ಸುಮುಖ ಎನ್ನುವ ಮೈಸೂರಿನ ಹುಡುಗ, ಘಣಸೋಲಿಯಲ್ಲಿ ನೌಕರಿ, ಮರ್ಯಾದಸ್ಥ. ಅವನಿಗೆ ಮುಂದಿನ ವಾರವೇ ಸಾಮಾನು ತರಬೇಕಿತ್ತು. ಸೊಸೈಟಿಯ ಎನ್‌ಒಸಿ ಒಂದು ಬಾಕಿ ಇತ್ತು.

ಭಾನುವಾರ ಬೆಳಿಗ್ಗೆ ನಾನು ಮೀಟರ್ ರೂಮಿನ ಪಕ್ಕದ ಆಫೀಸಿನಲ್ಲಿ ಕೂತಿರುತ್ತೇನೆ. ಮನೆಯಲ್ಲೇ ಕೇಳಬಹುದಿತ್ತು, ಆದರೆ ಅಮ್ಮನಿಗೆ ಗೌರವ ಕೊಡುವವನ ಹಾಗೆ ಅವನು ಅಲ್ಲಿಗೇ ಬಂದ. ನನ್ನನ್ನು ಮರಾಠಿಯಲ್ಲಿ ಕಾಕಿ, ಅಂದರೆ ಚಿಕ್ಕಮ್ಮ, ಎನ್ನುವ ನಮ್ಮ ಖಜಾಂಚಿ ಮಯೂರ್ ನನ್ನೆದುರು ನೀರಿನ ಟ್ಯಾಂಕರಿನ ಬಿಲ್ಲು ನೋಡುತ್ತಿದ್ದ. ಲತೀಶ ಅರ್ಜಿಯನ್ನೂ ಮೇಲಿನ ಮನೆಯ ಬೀಗದ ಕೈಯನ್ನೂ ಮೇಜಿನ ಮೇಲಿಟ್ಟು, ಮೊಹರು ಒತ್ತಿಬಿಡು ಎಂದ.

ಅರ್ಜಿಯ ಕೆಳಗೆ ಅವನ ಸಹಿ ಇತ್ತು.

“ಇದರಲ್ಲಿ ಮಾಲಕರ ಸಹಿ ಇಲ್ಲ,” ಎಂದೆ.

“ನಾನು ಹಾಕಿದ್ದೇನಲ್ಲ ಅಮ್ಮ.”

“ನೀನು ಯಾರು?”

ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ಅವನು ಮಯೂರನ ಮುಖ ನೋಡಿ ನಕ್ಕ. ಮಯೂರ್ ಬಿಲ್ಲಿನಿಂದ ತಲೆಯೆತ್ತಲಿಲ್ಲ. ಆಗ ಇವನ ನಗು ಸಣ್ಣದಾಯಿತು. ಅದು ಸ್ಟ್ಯಾಂಪ್ ಡ್ಯೂಟಿ ಉಳಿಸಲಿಕ್ಕೆ ಮಾಡಿದ್ದು, ನಿನಗೂ ಗೊತ್ತುಂಟಲ್ಲ ಎಂದು ಸ್ವರ ತಗ್ಗಿಸಿದ.

“ಸರ್ಕಾರದ ಎದುರು ಇದು ಹೆಂಗಸಿನ ಮನೆ ಅಂತ ಬರೆದುಕೊಟ್ಟವ ನೀನೇ,” ಎಂದೆ. “ಈಗ ನಾನು ಗಂಡಸಿನ ಮನೆ ಅಂತ ಮೊಹರು ಒತ್ತಬೇಕಾ?”

ಬೇರೆ ಯಾರೇ ಬಂದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಮಾಲಕರ ಸಹಿಯಿಲ್ಲದ ಅರ್ಜಿಗೆ ನಾನು ಇಂದಿನವರೆಗೆ ಎನ್‌ಒಸಿ ಕೊಟ್ಟವಳಲ್ಲ. ಆದರೆ ಹೇಳುವಾಗ ಒಳಗೆ ಖುಷಿಯಾಯಿತು ಎನ್ನುವುದನ್ನು ಮುಚ್ಚಿಡುವುದಿಲ್ಲ.

ಅದಕ್ಕೇನಂತೆ ಎಂದು ಅವನು ಅಲ್ಲೇ ಸೋನಾಲಿಗೆ ವಿಡಿಯೋ ಕಾಲ್ ಮಾಡಿದ. ಅವಳು ಅಡುಗೆಮನೆಯಲ್ಲಿದ್ದಳು. ಹೇಗಿದ್ದೀ ಎಂದು ಕೂಡ ಕೇಳದೆ, ಒಂದು ಕಾಗದ ಕಳಿಸುತ್ತೇನೆ, ಸಹಿ ಹಾಕಿ ಫೋಟೋ ತೆಗೆದು ಈಗಲೇ ಕಳಿಸು, ಬಾಡಿಗೆಯವರು ಕಾಯುತ್ತಿದ್ದಾರೆ ಎಂದ. ಸೋನಾಲಿ ಗ್ಯಾಸು ಆರಿಸಿದಳು. ಸೆರಗಿನಲ್ಲಿ ಕೈ ಒರೆಸಿಕೊಂಡಳು.

“ನೋಡುವ,” ಎಂದಳು ಆಮೇಲೆ. “ಎಂತ ಅರ್ಜೆಂಟ್?”

ದನಿಯಲ್ಲಿ ಕುಹಕವಿರಲಿಲ್ಲ. ಅವನು ಹೇಳುತ್ತಿದ್ದ ಹಾಗೆಯೇ, ಅಷ್ಟೇ ಮೆತ್ತಗೆ ಹೇಳಿದಳು. ಲತೀಶನ ಕಿವಿ ಕೆಂಪಾಯಿತು. ಮಯೂರ್ ಎದ್ದು, ಟ್ಯಾಂಕರು ಬಂತೇನೋ ನೋಡಿ ಬರುತ್ತೇನೆ ಕಾಕಿ ಎಂದು ಹೊರಗೆ ಹೋದ. ಟ್ಯಾಂಕರು ಬರುವುದು ಸಂಜೆ ಎಂದು ಅವನಿಗೂ ಗೊತ್ತು.

ಲತೀಶನಿಗೆ ವ್ಯಾಪಾರ ಅರ್ಥವಾಗುತ್ತದೆ. “ಆಯ್ತು ಮಾರಾಯ್ತಿ, ಅಲ್ಲಿಗೆ ಬಂದ ಕೂಡಲೇ ನಿನ್ನ ಎನ್‌ಒಸಿಗೆ ಸಹಿ ಹಾಕ್ತೇನೆ. ಸಾಕಲ್ಲ?” ಎಂದ. ಬೇಸಿಗೆಯಿಡೀ ಆಗದ್ದು ಒಂದು ಬಾಡಿಗೆಯ ಎದುರು ಅಷ್ಟು ಸುಲಭದಲ್ಲಿ ಆಗಿಹೋಯಿತು. ನನಗೆ ಅವನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂದದ್ದು ಆಗಲೇ. ಹಾಗಾದರೆ ಬಿಸಿಲೂ ಸುಳ್ಳು, ಶಿಫ್ಟೂ ಸುಳ್ಳು, ಆ ಹೆಸರಿಲ್ಲದ ಜನರೂ ಸುಳ್ಳು.

“ಆ ಕೆಲಸ ಹೋಯ್ತು,” ಎಂದಳು ಸೋನಾಲಿ. “ಕ್ಲಿನಿಕ್‌ನವರು ಮೊನ್ನೆ ಫೋನ್ ಮಾಡಿದ್ರು. ಬೇರೆಯವರನ್ನು ತಗೊಂಡ್ರಂತೆ.”

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಪಾಸಾದ ಪರೀಕ್ಷೆ, ಇಸ್ತ್ರಿ ಮಾಡಿ ತೂಗುಹಾಕಿದ್ದೇನೆ ಎಂದು ಅವಳು ಒಮ್ಮೆ ಹೇಳಿದ್ದ ಬಿಳಿ ಕೋಟು, ಎಲ್ಲ ನನ್ನ ಕಣ್ಣೆದುರು ಬಂತು. ಲತೀಶ ಕೂಡಲೇ, ಅದಲ್ಲದಿದ್ದರೆ ಇನ್ನೊಂದು ಸಿಗುತ್ತದೆ, ನೀನೀಗ ಸಹಿ ಹಾಕು ಎಂದ. ಫೋನು ಅತ್ತೆಗೆ ಕೊಡಿ ಎಂದಳು.

ನಾನು ಫೋನು ತೆಗೆದುಕೊಂಡೆ. ತನ್ನ ಹಳೆಯ ಆಸ್ಪತ್ರೆಯವರ ಜೊತೆ ಮಾತಾಡಿಯಾಗಿದೆ, ಯಾವಾಗ ಬಂದರೂ ಬಾ ಎಂದಿದ್ದಾರೆ ಎಂದಳು. ಪಾಸ್‌ಪೋರ್ಟು ತನ್ನ ಹತ್ತಿರವೇ ಇದೆ, ಟಿಕೆಟ್ಟಿಗೆ ತನ್ನ ಬಳೆ ಸಾಕು ಎಂದಳು. ಪಕ್ಕದಲ್ಲಿ ಲತೀಶ ಇದೇನು ಹುಚ್ಚು ಎಂದು ಗೊಣಗುತ್ತಿದ್ದ.

“ಅತ್ತೆ, ಸೊಸೈಟಿಯ ಸೆಕ್ರೆಟರಿ ಹತ್ರ ಒಂದು ಕೇಳ್ಲಿಕ್ಕುಂಟು,” ಎಂದಳು. “ಬಾಡಿಗೆಗೆ ಕೊಡುವುದಾದರೆ ಎನ್‌ಒಸಿ ಬೇಕು, ಗೊತ್ತು. ನನ್ನ ಮನೆಯಲ್ಲಿ ನಾನೇ ಬಂದು ಇರ್ಲಿಕ್ಕೂ ಬೇಕಾ?”

ಎಷ್ಟೆಂದರೂ ಎದುರಿಗಿದ್ದವನು ನನ್ನ ಮಗ. ನನ್ನ ಒಂದು ಮಾತಿನಿಂದ ಅವನ ಸಂಸಾರ ಎರಡು ದೇಶಗಳಲ್ಲಿ ನಿಲ್ಲುತ್ತದೆ, ನೆಂಟರೆಲ್ಲ ನನ್ನನ್ನೇ ಬಯ್ಯುತ್ತಾರೆ ಎಂದು ಗೊತ್ತಿತ್ತು. ಆದರೆ ಅವಳು ಕೇಳಿದ್ದಕ್ಕೆ ಉತ್ತರ ಒಂದೇ ಇತ್ತು, ಮತ್ತು ಕೇಳಿದವರನ್ನು ಕಾಯಿಸುವುದು ನನ್ನ ಪದ್ಧತಿಯಲ್ಲ.

“ಬೇಡ ಮಗಾ,” ಎಂದೆ. “ಮಾಲಕರಿಗೆ ಯಾರ ಎನ್‌ಒಸಿಯೂ ಬೇಡ.”

ಫೋನು ಇಟ್ಟ ಮೇಲೆ ಮೇಜಿನ ಮೇಲಿದ್ದ ಬೀಗದ ಕೈಯನ್ನು ನನ್ನ ಗೊಂಚಲಿಗೆ ಸೇರಿಸಿದೆ. ಅರ್ಜಿಯನ್ನು ಅವನ ಕಡೆಗೆ ತಳ್ಳಿದೆ. ಲತೀಶ ಅದನ್ನು ಮಡಚಿ ಕಿಸೆಗೆ ಹಾಕಿಕೊಂಡ. ಸುಮುಖನಿಗೆ ಏನು ಹೇಳುವುದು ಎಂದ. ನಿಜ ಹೇಳು ಎಂದೆ.

“ಅಮ್ಮ, ಅವಳು ನನ್ನನ್ನು ಬಿಟ್ಟು ಇಲ್ಲಿ ಬಂದು ಕೆಲಸ ಮಾಡುವುದಕ್ಕೆ ನಿನ್ನದೇನೂ ತಕರಾರಿಲ್ವಾ?”

“ಇಲ್ಲ,” ಎಂದೆ. “ಬೇಕಾದರೆ ಬರೆದುಕೊಡ್ತೇನೆ.” ಡ್ರಾವರು ಎಳೆದು ಸೊಸೈಟಿಯ ಲೆಟರ್‌ಹೆಡ್ ತೆಗೆದೆ.